ಆಡು ಕಟ್ಟುವವರ ಕ್ಯಾಸೆಟ್ಟು

ತಾನೇ ಪದ ಹೊಸೆದು, ತಾನೇ ಅದಕ್ಕೆ ಮಟ್ಟು ಕೂರಿಸಿ, ತಾನೇ ಹಾಡುವವನನ್ನು ಸಂಗೀತಶಾಸ್ತ್ರವು ವಾಗ್ಗೇಯಕಾರನೆಂದು ಕರೆಯುತ್ತದೆ. ದೇವಗಿರಿಯ ಆಸ್ಥಾನದಲ್ಲಿದ್ದ ಶಾರ್ಙ್ಗದೇವನು 13ನೆಯ ಶತಮಾನದಲ್ಲಿ ರಚಿಸಿದ ‘ಸಂಗೀತರತ್ನಾಕರ’ದಲ್ಲಿ ವಾಕ್ಕಿಗೆ ‘ಮಾತು’ ಎಂದೂ ಗೇಯಕ್ಕೆ ‘ಧಾತು’ ಎಂದೂ ಹೆಸರಿಟ್ಟು, ಎರಡನ್ನೂ ತಾನೇ ಮಾಡಬಲ್ಲವನಿಗೆ ಮಾತ್ರ ಈ ಬಿರುದು ಸಲ್ಲುತ್ತದೆಂದು ವಿಧಿಸಿದ್ದಾನಲ್ಲದೆ, ಅಂಥವನಿಗೆ ವ್ಯಾಕರಣ, ಛಂದಸ್ಸು, ಅಲಂಕಾರ, ರಸಭಾವಗಳ ಜ್ಞಾನದಿಂದ ಹಿಡಿದು ಏನೇನಿರಬೇಕೆಂಬುದರ ಉದ್ದವಾದ ಪಟ್ಟಿಯನ್ನೇ ಕೊಟ್ಟಿದ್ದಾನೆ. ಇಷ್ಟೆಲ್ಲ ಮುಂದಾಲೋಚನೆಯಿದ್ದ ಆ ಶಾಸ್ತ್ರಕಾರನಿಗೂ ಹೊಳೆಯದೆ ಹೋದ ಒಂದು ಗುಣವೆಂದರೆ, ಮುಖಕ್ಕೆ ಮೂರಡಿ ದೂರದಲ್ಲಿ ಸಾವಿರ ವ್ಯಾಟಿನ ದೀಪವೊಂದನ್ನು ಹಿಡಿದು ನಿಂತ ಹುಡುಗನನ್ನು ಸಹಿಸಿಕೊಂಡು ಹಾಡುವ ಶಕ್ತಿ. ಚಾಮರಾಜನಗರ ಸೀಮೆಯ ಹಾಡುಗಾರರಿಗೆ ಕಳೆದ ಶತಮಾನದ ಕೊನೆಯ ಎರಡು ದಶಕಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಬೇಕಾಗಿ ಬಂದದ್ದು ಅದೇ.

ಈ ಸೀಮೆಯಲ್ಲಿ ವಾಗ್ಗೇಯಕಾರ ಎಂಬ ಪದ ನಡೆಯುವುದಿಲ್ಲ. ಪದ ಕಟ್ಟುವವನು, ಹಾಡು ಕಟ್ಟುವವನು ಎಂದರೆ ಎಲ್ಲರಿಗೂ ತಿಳಿಯುತ್ತದೆ. ಆದರೆ ಇಲ್ಲಿಯ ಆಡುನುಡಿಯು ಪದದ ಮೊದಲಲ್ಲಿ ಬರುವ ಹಕಾರವನ್ನು ಬಿಟ್ಟುಕೊಡುವುದರಿಂದ ‘ಹಾಡು’ ಎಂಬುದು ‘ಆಡು’ ಆಗುತ್ತದೆ. ಆಡುವುದೆಂದರೆ ಆಟವೂ ಹೌದು, ಮಾತೂ ಹೌದು. ನಾಮಪದವಾಗಿ ನಿಂತರೆ ಎಲೆ ಮೇಯುವ, ಗಡ್ಡವಿರುವ ಪ್ರಾಣಿಯೂ ಹೌದು. ಆದ್ದರಿಂದ ‘ಅಯ್ಯ ಆಡು ಕಟ್ತಾವ್ನೆ’ ಎಂಬ ವಾಕ್ಯವನ್ನು ಕೇಳಿದ ಹೊರಗಿನ ವಿದ್ವಾಂಸನು ಟೇಪ್‌ರೆಕಾರ್ಡರನ್ನು ಹೊರತೆಗೆಯುವ ಮೊದಲು ಹಿತ್ತಿಲಿಗೆ ಹೋಗಿ ನೋಡಿಕೊಂಡು ಬರುವುದು ಕ್ಷೇಮಕರ. ಊರಿನ ಹೆಸರಿಗೂ ಇದೇ ನಿಯಮ ಅನ್ವಯಿಸಿ ಹರದನಹಳ್ಳಿಯು ಅರದನಳ್ಳಿಯಾಗುತ್ತದೆ. ಹರದನಹಳ್ಳಿ ಎಂದ ಕೂಡಲೇ ನಾಡಿನ ಬಹುಪಾಲು ಜನರಿಗೆ ನೆನಪಾಗುವುದು ಮಾಜಿ ಪ್ರಧಾನಿ ದೇವೇಗೌಡರ ಹೆಸರಿನ ಮೊದಲ ಅಕ್ಷರದಲ್ಲಿ ಅಡಗಿರುವ, ಹೊಳೆನರಸೀಪುರದ ಕಡೆಯ ಹರದನಹಳ್ಳಿ. ಇಲ್ಲಿ ಹೇಳುತ್ತಿರುವುದು ಅದಲ್ಲ, ಚಾಮರಾಜನಗರದ ಪಕ್ಕದಲ್ಲಿರುವ, ದಿವ್ಯಲಿಂಗೇಶ್ವರನ ಗುಡಿಯಿರುವ ಹರದನಹಳ್ಳಿ.

ಈ ಊರಿಗೆ ಪದ ಕಟ್ಟುವ ಕಸುಬು ಹೊಸದಲ್ಲ. ಮುಂದೆ ಎಡೆಯೂರಿನಲ್ಲಿ ನೆಲೆಸಿದ ತೋಂಟದ ಸಿದ್ಧಲಿಂಗ ಯತಿಗಳು ಇಲ್ಲಿಯ ಗೋಸಲ ಪೀಠದ ಚನ್ನಬಸವೇಶ್ವರರ ಶಿಷ್ಯರು. ಅವರ ‘ಷಟ್‌ಸ್ಥಲ ಜ್ಞಾನಸಾರಾಮೃತ’ದಲ್ಲಿ 701 ವಚನಗಳಿವೆ. ಪ್ರತಿ ವಚನದ ಕೊನೆಗೂ ಅಂಕಿತ, ಅಂದರೆ ಇಷ್ಟದೈವದ ಹೆಸರಿನಲ್ಲಿ ಒತ್ತಿದ ಮುದ್ರೆ, ಇರುತ್ತದೆ. ಈ ಪದ್ಧತಿಯನ್ನು ನಿಷ್ಠೆಯಿಂದ ಮುಂದುವರಿಸಿಕೊಂಡು ಬಂದವರು ಯಾರೆಂದು ಹುಡುಕಿದರೆ ಕವಿಗಳಿಗಿಂತ ಮೊದಲು ವಿಡಿಯೊ ಸ್ಟುಡಿಯೊಗಳ ಮಾಲೀಕರೇ ಕಣ್ಣಿಗೆ ಬೀಳುತ್ತಾರೆ: ಮನೆಯ ಯಾವ ಶುಭಕಾರ್ಯದ ಕ್ಯಾಸೆಟ್ಟಿನಲ್ಲಾದರೂ ಚೌಕಟ್ಟಿನ ಕೆಳಗಡೆ ಸ್ಟುಡಿಯೊದ ಹೆಸರೂ ಫೋನ್ ಸಂಖ್ಯೆಯೂ ಬಲದಿಂದ ಎಡಕ್ಕೆ ಹರಿಯುತ್ತಲೇ ಇರುತ್ತವೆ. ವಚನಕಾರರು ಕೊನೆಯಲ್ಲಿ ಒಂದು ಸಲ ಹೇಳಿ ಸುಮ್ಮನಾಗುತ್ತಿದ್ದರು ಎಂಬುದಷ್ಟೇ ವ್ಯತ್ಯಾಸ.

ಈಗಿನ ಹಾಡುಗಾರರಲ್ಲಿ ಎರಡು ಪರಂಪರೆಗಳು ಮುಖ್ಯ. ಮಲೆ ಮಹದೇಶ್ವರನ ಹೆಸರಿನಲ್ಲಿ ದೀಕ್ಷೆ ಪಡೆದವರು ದೇವರ ಗುಡ್ಡರು. ಒಂದು ಕೈಯಲ್ಲಿ ಬಟ್ಟಲಿನಂಥ ಕಂಚಿನ ತಾಳ, ಇನ್ನೊಂದರಲ್ಲಿ ಗೊಂಡೆ ಕಟ್ಟಿದ ಚಪ್ಪಟೆ ತಾಳ ಹಿಡಿದು ಅವರು ಬಾರಿಸುವ ವಾದ್ಯವೇ ಕಂಸಾಳೆ. ಮಂಟೇಸ್ವಾಮಿ, ರಾಚಪ್ಪಾಜಿ, ಸಿದ್ಧಪ್ಪಾಜಿಯರ ಕಥೆಯನ್ನು ತಂಬೂರಿ, ಗಗ್ಗರಗಳೊಡನೆ ಹಾಡುವವರು ನೀಲಗಾರರು. ಬನದ ಹುಣ್ಣಿಮೆಯ ಚಿಕ್ಕಲ್ಲೂರು ಜಾತ್ರೆಯಲ್ಲಿ ಅವರನ್ನು ಗುಂಪುಗುಂಪಾಗಿ ಕಾಣಬಹುದು. ಇಬ್ಬರ ಕಾವ್ಯವೂ ಒಂದು ರಾತ್ರಿಗೆ ಮುಗಿಯುವಂಥದ್ದಲ್ಲ. ಅದನ್ನು ‘ಸಾಲು’ಗಳಾಗಿ, ಎಂದರೆ ಬಿಡಿಯಾಗಿ ಹಾಡಬಹುದಾದ ಅಧ್ಯಾಯಗಳಾಗಿ, ಹಂಚಿಕೊಂಡಿರುತ್ತಾರೆ: ಶ್ರವಣದೊರೆಯ ಸಾಲು, ಜುಂಜೇಗೌಡನ ಸಾಲು, ಸಂಕಮ್ಮನ ಸಾಲು, ಸರಗೂರಯ್ಯನ ಸಾಲು, ಹೀಗೆ. ಮುಮ್ಮೇಳದವನು ಒಂದು ನುಡಿ ಹೇಳಿದರೆ ಹಿಮ್ಮೇಳದವರು ಎತ್ತಿಕೊಂಡು ಹೇಳುವ ಪಲ್ಲವಿಗೆ ‘ಸೊಲ್ಲು’ ಎಂದು ಹೆಸರು.

ಇವರನ್ನು ಹಾಡು ಕಟ್ಟುವವರೆಂದು ಹೇಗೆ ಕರೆಯುವುದು, ಕಥೆ ಹಿಂದಿನದಲ್ಲವೇ ಎಂದು ಕೇಳುವವರುಂಟು. ಈ ಪ್ರಶ್ನೆಗೆ ಉತ್ತರ ದೊರೆತದ್ದು ದೂರದ ಮಾಂಟೆನೆಗ್ರೊದ ಕಡೆಯಲ್ಲಿ. ಹೋಮರನ ಕಾವ್ಯಗಳು ಹುಟ್ಟಿದ ಬಗೆಯನ್ನು ತಿಳಿಯಲೆಂದು ಹೊರಟ ಮಿಲ್ಮನ್ ಪ್ಯಾರಿ ಎಂಬ ಅಮೆರಿಕದ ವಿದ್ವಾಂಸನು 1935ರಲ್ಲಿ ಅವ್ದೋ ಮೆಜೆದೊವಿಚ್ ಎಂಬ ಹಾಡುಗಾರನ ಕಾವ್ಯವನ್ನು ದಾಖಲಿಸಿದಾಗ ಒಂದೇ ಕಥೆ 12,000 ಸಾಲುಗಳನ್ನು ದಾಟಿತು; ಪ್ಯಾರಿಯ ಶಿಷ್ಯ ಆಲ್ಬರ್ಟ್ ಲಾರ್ಡ್ ಮುಂದೆ 1960ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಇಂಥ ಹಾಡುಗಾರನು ಬಾಯಿಪಾಠ ಒಪ್ಪಿಸುವವನಲ್ಲ, ಹಾಡುತ್ತಿರುವಾಗಲೇ ಕಟ್ಟುವವನು, ಪ್ರತಿ ಹಾಡಿಕೆಯೂ ಹೊಸ ರಚನೆಯೇ ಎಂದು ಸಾಧಿಸಿದನು. ಹರದನಹಳ್ಳಿಯ ಯಾವ ಅಜ್ಜಿಯನ್ನು ಕೇಳಿದ್ದರೂ ಇಷ್ಟು ಖರ್ಚಿಲ್ಲದೆ ಈ ಸಂಗತಿ ತಿಳಿಯುತ್ತಿತ್ತು. ಏಕೆಂದರೆ ಮನೆಯಂಗಳದಲ್ಲಿ ಹಾಡಲು ಕೂತ ಗುಡ್ಡನು ಮೊದಲ ಅರ್ಧ ಗಂಟೆಯಲ್ಲೇ ಮನೆಯ ಯಜಮಾನನ ಹೆಸರು, ತೀರಿಹೋದ ತಾಯಿಯ ಹೆಸರು, ಬೆಂಗಳೂರಿನಿಂದ ಬಂದಿರುವ ಅಳಿಯನ ಹೆಸರು ಇಷ್ಟನ್ನೂ ತಿಳಿದುಕೊಂಡು, ಮಾದಪ್ಪನು ಬೆಟ್ಟದಿಂದ ಇಳಿಯುವ ಹೊತ್ತಿಗೆ ಸರಿಯಾಗಿ ಅವರೆಲ್ಲರನ್ನೂ ಪದದೊಳಕ್ಕೆ ಸೇರಿಸಿಬಿಟ್ಟಿರುತ್ತಾನೆ. ಅಳಿಯನು ಹತ್ತರ ನೋಟು ತೆಗೆದರೆ ಅವನ ಕುಲಕ್ಕೆ ಒಂದು ನುಡಿ. ನೂರರದು ತೆಗೆದರೆ ಆ ಕುಲವು ಕಲ್ಯಾಣದ ಶರಣರವರೆಗೂ ಹಿಂದಕ್ಕೆ ಹೋಗುತ್ತದೆ. ಅವ್ದೋ ಕೂಡ ಇದನ್ನೇ ಮಾಡುತ್ತಿದ್ದಿರಬೇಕು.

ಇಲ್ಲಿಯ ಪಂಡಿತರೂ ದಾಖಲಾತಿಯಲ್ಲಿ ಹಿಂದೆ ಬಿದ್ದವರಲ್ಲ. ಪಿ.ಕೆ. ರಾಜಶೇಖರ ಅವರು 1970ರ ದಶಕದಲ್ಲೇ ಮಲೆಯ ಮಾದೇಶ್ವರ ಕಾವ್ಯವನ್ನು ಪ್ರಕಟಿಸಿದರು. ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು ಹಾಡಿದ ಪಾಠವನ್ನು ಕೆ. ಕೇಶವನ್ ಪ್ರಸಾದ್ ಸಂಗ್ರಹಿಸಿದರು, ಅದನ್ನು ಸಿ.ಎನ್. ರಾಮಚಂದ್ರನ್ ಮತ್ತು ಎಲ್.ಎನ್. ಭಟ್ಟರು ಇಂಗ್ಲಿಷಿಗೆ ತಿರುಗಿಸಿ, 2001ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಕಟಿಸಿತು. ಇವೆಲ್ಲ ಮಹತ್ಕಾರ್ಯಗಳೇ. ಆದರೆ ಗ್ರಂಥದಲ್ಲಿ ಅಳಿಯನಿಲ್ಲ. ಹಾಡಿನ ನಡುವೆ ‘ಕಾಪಿ ತಕ್ಕಳಿ ಬುದ್ದಿ’ ಎಂದು ಲೋಟ ಮುಂದೆ ಹಿಡಿದ ಸೊಸೆಯಿಲ್ಲ. ಅವರಿಬ್ಬರೂ ಇರುವುದು ಮನೆಯ ವಿಡಿಯೊದಲ್ಲಿ. ಇನ್ನು ಸ್ಪಷ್ಟವಾಗಿ ಹೇಳಬೇಕೆಂದರೆ, ಅಲ್ಲಿ ಅವರಿಬ್ಬರೇ ಇರುವುದು.

1982ರ ದಿಲ್ಲಿ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ದೇಶಕ್ಕೆ ಬಣ್ಣದ ಟಿ.ವಿ. ಬಂದು, ಅದರ ಬೆನ್ನಿಗೇ ವಿ.ಸಿ.ಆರ್. ಕಾಲಿಟ್ಟು, ಕೆಲವೇ ವರ್ಷಗಳಲ್ಲಿ ‘ವಿಡಿಯೊ ತೆಗೆಸುವುದು’ ಎಂಬುದು ಮದುವೆ, ಗೃಹಪ್ರವೇಶ, ಹರಕೆಯ ಪರ ಮುಂತಾದವುಗಳ ಹದಿನೇಳನೆಯ ಸಂಸ್ಕಾರವಾಯಿತು. ಪರವೆಂದರೆ ಮಾದಪ್ಪನ ಹೆಸರಿನಲ್ಲಿ ನಂಟರಿಷ್ಟರಿಗೆ ಹಾಕುವ ಊಟ. ಕ್ಯಾಸೆಟ್ಟಿನ ಉದ್ದ ಮೂರು ಗಂಟೆ. ಕಾವ್ಯದ ಉದ್ದ ಹಲವು ರಾತ್ರಿ. ಈ ಎರಡರ ನಡುವಿನ ಲೆಕ್ಕಾಚಾರವನ್ನು ಕ್ಯಾಮೆರಾದವನು ಬಗೆಹರಿಸುತ್ತಿದ್ದ ರೀತಿ ಸರಳವಾದದ್ದು: ಊಟಕ್ಕೆ ಒಂದು ಗಂಟೆ, ಉಡುಗೊರೆಗೆ ಒಂದು ಗಂಟೆ, ನಂಟರ ಗುಂಪುಚಿತ್ರಕ್ಕೆ ಮುಕ್ಕಾಲು ಗಂಟೆ, ಉಳಿದದ್ದು ದೇವರಿಗೆ. ದೇವರ ಪಾಲಿನಲ್ಲಿ ಪುರೋಹಿತರೂ ವಾಲಗದವರೂ ಇರುವುದರಿಂದ ಮಹಾಕಾವ್ಯಕ್ಕೆ ದಕ್ಕುತ್ತಿದ್ದದ್ದು ಐದಾರು ನಿಮಿಷ. ಈ ಪ್ರಬಂಧದ ಲೇಖಕನಿಗೆ ಪ್ರಸ್ತುತ ವಿಷಯದಲ್ಲಿರುವ ಏಕೈಕ ಅರ್ಹತೆಯೆಂದರೆ ಇಂಥ ಮೂರು ಕ್ಯಾಸೆಟ್ಟುಗಳಲ್ಲಿ ಬಾಳೆಲೆಯ ಮುಂದೆ ಬಾಯಿ ತೆರೆದ ಭಂಗಿಯಲ್ಲಿ ಶಾಶ್ವತನಾಗಿರುವುದು. ಅವನೊಬ್ಬನ ತುತ್ತಿಗೆ ಸಂದ ಸಮಯದಲ್ಲಿ ಶ್ರವಣದೊರೆಯ ಸಂಹಾರ ಆರಾಮವಾಗಿ ನಡೆದುಹೋಗುತ್ತಿತ್ತು.

ಆ ಐದಾರು ನಿಮಿಷಗಳೂ ಹಾಡುಗಾರನವೇ ಎಂದು ತಿಳಿಯಬಾರದು. ಕ್ಯಾಮೆರಾ ಮೊದಲು ಕಂಸಾಳೆಯನ್ನು ಹತ್ತಿರದಿಂದ ಹಿಡಿದು, ಅಲ್ಲಿಂದ ಮೆಲ್ಲಗೆ ಜಾರಿ, ಚಾಪೆಯ ಮೇಲೆ ಕೂತ ಹೆಂಗಸರ ಮುಖಗಳನ್ನು ಒಂದೊಂದಾಗಿ ಹಾದುಹೋಗುತ್ತದೆ. ಹಾಡುಗಾರನು ಹೊರಗುಳಿದು ದನಿ ಮಾತ್ರ ಕೇಳಿಸುತ್ತದೆ. ದೀಪ ಹಿಡಿದ ಹುಡುಗನು ‘ಸನ್ ಗನ್’ ಎಂಬ ಆ ಉಗ್ರ ದೀಪವನ್ನು ಎತ್ತಿದಾಗ ಹಾಡುಗಾರನ ಕಣ್ಣು ತಾನಾಗಿ ಮುಚ್ಚಿಕೊಂಡು, ಹುಬ್ಬು ಗಂಟಿಕ್ಕಿ, ಕೆನ್ನೆಯ ಮೇಲೆ ನೀರಿಳಿಯುತ್ತದೆ. ಮುಂದೆ ಇದನ್ನು ನೋಡಿದ ಸಂಶೋಧಕರು ಭಾವಪರವಶತೆಯೆಂದು ಟಿಪ್ಪಣಿ ಮಾಡಿಕೊಳ್ಳದಿರಲೆಂದು ಇಲ್ಲಿ ದಾಖಲಿಸಲಾಗಿದೆ.

ಇದರ ಮೇಲೆ ‘ಮಿಕ್ಸಿಂಗ್’ ಎಂಬ ಕ್ರಿಯೆಯುಂಟು. ತೆಗೆದ ಚಿತ್ರವನ್ನು ಕತ್ತರಿಸಿ, ಜೋಡಿಸಿ, ಹೃದಯ, ತಾವರೆ, ಸೇಬಿನ ಹಣ್ಣುಗಳ ಒಳಗೆ ಮನುಷ್ಯರ ಮುಖಗಳನ್ನು ಕೂರಿಸುವುದಕ್ಕೆ ಈ ಹೆಸರು. ಗುಂಡ್ಲುಪೇಟೆಯ ಗಂಡುಹೆಣ್ಣಿಗೆ ಮಗ್ಗುಲಲ್ಲೇ 1,454 ಮೀಟರ್ ಎತ್ತರದ ಹಿಮವದ್ ಗೋಪಾಲಸ್ವಾಮಿ ಬೆಟ್ಟ ಮಂಜು ಹೊದ್ದು ನಿಂತಿದ್ದರೂ ಮಿಕ್ಸಿಂಗಿನಲ್ಲಿ ಅವರ ಹಿಂದೆ ಬರುವುದು ಸ್ವಿಟ್ಜರ್ಲೆಂಡಿನ ಹಿಮ. ಹಾಡುಗಾರನ ಪಾಲಿಗೆ ಇದಕ್ಕಿಂತ ಗಂಭೀರವಾದ ಸಂಗತಿಯೆಂದರೆ, ಮಿಕ್ಸಿಂಗ್ ಮಾಡುವವನು ಸಮಾರಂಭದ ಸದ್ದನ್ನೆಲ್ಲ ಗಲಾಟೆಯೆಂದು ಬಗೆದು ಅಳಿಸಿ, ಅದರ ಜಾಗಕ್ಕೆ ಸಿನಿಮಾ ಹಾಡನ್ನು ತುಂಬುತ್ತಿದ್ದದ್ದು. ಚಿತ್ರರಂಗದಲ್ಲಿ ಒಬ್ಬರ ತುಟಿಗೆ ಇನ್ನೊಬ್ಬರ ದನಿಯನ್ನು ಹೊಂದಿಸುವುದನ್ನು ಹಿನ್ನೆಲೆ ಗಾಯನವೆನ್ನುತ್ತಾರೆ. ತನ್ನ ಸ್ವಂತ ಪದವನ್ನು ತಾನೇ ಕಟ್ಟಿ ಗಂಟಲು ಹರಿಯುವಂತೆ ಹಾಡಿದ ಗುಡ್ಡನ ತುಟಿಯಿಂದ ಯುಗಳಗೀತೆ, ಅದೂ ಹೆಣ್ಣಿನ ಭಾಗ, ಹೊರಡುವುದಕ್ಕೆ ಶಾಸ್ತ್ರದಲ್ಲಿ ಇನ್ನೂ ಹೆಸರಿಲ್ಲ.

ಪರದೇಶಗಳಲ್ಲಿ ಮನೆಯ ವಿಡಿಯೊಗಳಿಗೆ ದೊರೆತ ಗೌರವವೇ ಬೇರೆ. ತನ್ನ ಹಾಡುಗಳನ್ನು ತಾನೇ ಬರೆಯುತ್ತಿದ್ದ ಲಂಡನ್ನಿನ ಆಮಿ ವೈನ್‌ಹೌಸ್ ಕುರಿತು ಆಸಿಫ್ ಕಪಾಡಿಯಾ 2015ರಲ್ಲಿ ಮಾಡಿದ ಸಾಕ್ಷ್ಯಚಿತ್ರವು ಗೆಳತಿಯೊಬ್ಬಳ ಹುಟ್ಟುಹಬ್ಬದ ಮನೆ ವಿಡಿಯೊದಿಂದ ಆರಂಭವಾಗುತ್ತದೆ. ಹುಡುಗಿಯರು ನಗುನಗುತ್ತ ಹಾಡುವಾಗ ಒಬ್ಬಳ ದನಿ ಮಾತ್ರ ಥಟ್ಟನೆ ಮೇಲೆದ್ದು ನಿಲ್ಲುತ್ತದೆ. ಆ ಚಿತ್ರಕ್ಕೆ ಆಸ್ಕರ್ ಬಂತು. ಅಲ್ಲಿ ಕ್ಯಾಮೆರಾ ಹಿಡಿದಿದ್ದವರು ಗೆಳೆಯರು. ಯಾರಿಗೂ ಯಾವ ನಂಟರ ಮುಲಾಜೂ ಇರಲಿಲ್ಲ. ಚಾಮರಾಜನಗರದ ಕಡೆಯಲ್ಲಿ ಕ್ಯಾಸೆಟ್ಟಿಗೆ ಘನತೆ ಬಂದದ್ದು ಒಂದೇ ಸಲ, ಅದೂ ಬೇಡದ ಕಾರಣಕ್ಕೆ: 2000ದ ಜುಲೈ 30ರ ರಾತ್ರಿ ತಾಳವಾಡಿಯ ಹತ್ತಿರದ ಗಾಜನೂರಿನಿಂದ ರಾಜ್‌ಕುಮಾರರನ್ನು ಕರೆದೊಯ್ದ ವೀರಪ್ಪನ್, ಮುಖ್ಯಮಂತ್ರಿಗೆ ತಲುಪಿಸಲು ಕೊಟ್ಟದ್ದು ಕಾಗದವನ್ನಲ್ಲ, ಕ್ಯಾಸೆಟ್ಟನ್ನು. ಮುಂದಿನ 108 ದಿನ ನಾಡಿನ ಜನ ಕ್ಯಾಸೆಟ್ ಬಂತೇ ಎಂದು ಕಾದಷ್ಟು ಮಳೆಗೂ ಕಾಯಲಿಲ್ಲ.

ಇಷ್ಟೆಲ್ಲ ದೂರು ಹೇಳಿದ ಮೇಲೂ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ನಂಟರ ಮುಖಗಳ ಮೇಲೆ ಅಲೆದಾಡಿದ ಆ ಅಜ್ಞಾನಿ ಕ್ಯಾಮೆರಾವೇ, ಸದ್ದು ಅಳಿಸದೆ ಉಳಿದ ಕಡೆಗಳಲ್ಲಿ, ಪದ ಹೇಗೆ ಕಟ್ಟಲ್ಪಡುತ್ತದೆಂಬುದನ್ನು ಗ್ರಂಥಕ್ಕಿಂತ ಚೆನ್ನಾಗಿ ತೋರಿಸುತ್ತದೆ. ಹಾಡುಗಾರನ ಮುಖ ನೋಡಿದರೆ ಹಾಡುವುದು ಕಾಣುತ್ತದೆ. ಅವನು ಯಾರನ್ನು ನೋಡಿ ಮುಂದಿನ ನುಡಿಯನ್ನು ತೆಗೆದನೆಂಬುದು ಕಾಣುವುದು ಕೇಳುವವರ ಮುಖದಲ್ಲಿ. ಸಂಕಮ್ಮನ ಸಾಲಿನ ಪ್ರಸಂಗವೊಂದನ್ನು ಗಮನಿಸಬಹುದು. ಹೆಂಡತಿಯ ಮೇಲೆ ಅನುಮಾನಪಟ್ಟ ಸೋಲಿಗರ ನೀಲೇಗೌಡನು ಜೇನಿಗೆ ಹೋಗುವ ಮುನ್ನ ಅವಳನ್ನು ಕಾಡಿನ ಗುಡಿಸಲಲ್ಲಿ ಕಟ್ಟಿಹಾಕುವ ಭಾಗವದು. ಚೌಕಟ್ಟಿನಲ್ಲಿರುವುದು ಕಂಬಕ್ಕೆ ಒರಗಿ ಕೂತ ನಡುವಯಸ್ಸಿನ ಹೆಂಗಸೊಬ್ಬಳು. ಕೈಯಲ್ಲಿ ಅರ್ಧ ಮಡಿಸಿದ ವೀಳ್ಯದೆಲೆ, ಉಗುರಿನ ತುದಿಯಲ್ಲಿ ಸುಣ್ಣ. ಹಗ್ಗದ ಮಾತು ಬಂದಾಗ ಸುಣ್ಣದ ಬೆರಳು ಎಲೆಯ ಮೇಲೆ ಅಲ್ಲೇ ನಿಲ್ಲುತ್ತದೆ. ಕಾಣದ ಹಾಡುಗಾರನು ಅದನ್ನು ಕಂಡನೆಂದು ತೋರುತ್ತದೆ: ಕಟ್ಟುವ ಭಾಗವನ್ನು ಮುಗಿಸಿ ಮುಂದಕ್ಕೆ ಹೋಗಬೇಕಾದವನು ಹೋಗದೆ, ಹಗ್ಗವನ್ನು ಇನ್ನೊಂದು ಸುತ್ತು ಸುತ್ತಿಸಿ, ಸಂಕಮ್ಮನ ಬಾಯಲ್ಲಿ ತವರಿನ ಹೆಸರು ಹೇಳಿಸುತ್ತಾನೆ. ಯಾವ ಅಚ್ಚಾದ ಪುಟದಲ್ಲೂ ಇಲ್ಲದ ಆ ಸುತ್ತು ಆ ಬೆರಳಿಗಾಗಿ ಹುಟ್ಟಿದ್ದು. ಹೆಂಗಸು ಮೂಗೊರೆಸಿಕೊಳ್ಳುತ್ತಾಳೆ, ಸುಣ್ಣ ಮೂಗಿಗೆ ಹತ್ತುತ್ತದೆ, ಪಕ್ಕದವಳು ನಗುತ್ತಾಳೆ, ಹಿಮ್ಮೇಳದವರು ಸೊಲ್ಲು ಎತ್ತುತ್ತಾರೆ.

ಅಷ್ಟರಲ್ಲಿ ಕರೆಂಟು ಹೋಗುತ್ತದೆ. ಸನ್ ಗನ್ ಆರಿದರೂ ಬ್ಯಾಟರಿಯ ಬಲದಿಂದ ಕ್ಯಾಮೆರಾ ಓಡುತ್ತಲೇ ಇರುವುದರಿಂದ ಮುಂದಿನ ಹನ್ನೊಂದು ನಿಮಿಷ ಪರದೆಯ ಮೇಲೆ ಏನೂ ಇಲ್ಲ. ಕತ್ತಲಲ್ಲಿ ಯಾರಿಗೂ ಭಂಗಿಯ ಚಿಂತೆಯಿಲ್ಲದ್ದರಿಂದಲೋ, ಮುಖದ ಮೇಲಿನ ಕಾವು ಇಳಿದದ್ದರಿಂದಲೋ, ಹಾಡುಗಾರನ ದನಿ ಒಂದು ಮನೆ ಕೆಳಗಿಳಿದು ಬಿಚ್ಚಿಕೊಳ್ಳುತ್ತದೆ, ಹೆಂಗಸರೂ ಸೊಲ್ಲಿಗೆ ದನಿಗೂಡಿಸುತ್ತಾರೆ, ಮಗುವೊಂದು ಅಳುತ್ತದೆ, ಹಿತ್ತಿಲಲ್ಲಿ ಕಟ್ಟಿದ ಆಡು, ಇಲ್ಲಿ ನಿಜವಾದ ಆಡು, ಎರಡು ಸಲ ಕೂಗುತ್ತದೆ.

ವಿ.ಸಿ.ಆರ್. ತಯಾರಿಸುತ್ತಿದ್ದ ಕೊನೆಯ ಕಂಪನಿಯಾದ ಜಪಾನಿನ ಫುನಾಯ್ 2016ರ ಜುಲೈನಲ್ಲಿ ಆ ಕೆಲಸ ನಿಲ್ಲಿಸಿತು. ಟ್ರಂಕಿನಲ್ಲಿ ನುಸಿಗುಳಿಗೆಯೊಡನೆ ಮಲಗಿದ್ದ ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿಯುತ್ತಿರುವುದನ್ನು ಕಂಡ ಮನೆಯವರು ಅವನ್ನು ಪೇಟೆಗೆ ಒಯ್ದು ಪೆನ್‌ಡ್ರೈವಿಗೆ ಹಾಕಿಸುವ ಪದ್ಧತಿ ಈಗ ಬಂದಿದೆ. ಅಂಗಡಿಯ ಹುಡುಗನು ಹಣ ತೆಗೆದುಕೊಂಡದ್ದಕ್ಕೆ ಪ್ರಾಮಾಣಿಕವಾಗಿ ಪೂರ್ತಿ ಓಡಿಸಿ ನೋಡಿ, ಹಾಳಾದ ಭಾಗಗಳ ಬಗ್ಗೆ ಫೋನ್ ಮಾಡಿ ಕೇಳುತ್ತಾನೆ.

‘ಇಲ್ಲಿ ಅನ್ನೊಂದು ನಿಮಿಸ ಬರೀ ಕಪ್ಪು ಅದೆ ಕನ್ ಸಾ, ತಗದ್ಬುಡ್ಲಾ?’

‘ತಗದ್ಬುಡಪ್ಪ. ಅದ್ರಲ್ಲಿ ನಮ್ಮೋರ್ಯಾರೂ ಕಾಣಲ್ಲ.’