ಸುಣ್ಣದ ಸಂಬಂಧಿಕರು

ಯುಗಾದಿಗೆ ಎಂಟು ದಿನ ಇರುವಾಗಲೇ ವಾಡಿಯ ನಮ್ಮ ಮನೆಯಲ್ಲಿ ನನ್ನ ಪಗಾರಿಲ್ಲದ ನೌಕರಿ ಶುರು. ಕೌದಿಗಳ ಗಂಟು ಟಂಟಂ ಹತ್ತಿ ಕಾಗಿಣಾ ಹೊಳೆಗೆ. ಗೋಡೆಗೆ ಸುಣ್ಣ, ಅದಕ್ಕೊಂದು ಚಿಟಿಕೆ ನೀಲಿ. ಆಮೇಲೆ ಶಹಾಬಾದ್ ಫರಸಿ ತಿಕ್ಕುವುದು.

‘ಇನ್ನಾ ಕರ‍್ರಗ ಅದಲ್ಲೋ!’ ಅಂತಾಳೆ ಅವ್ವ.

‘ಯವ್ವಾ, ಅದು ಹುಟ್ಟಿದ್ದೇ ಹಂಗ!’

ಫರಸಿ, ಸುಣ್ಣ, ಮೇಲೆ ಕೂರುವ ಸಿಮೆಂಟಿನ ಧೂಳು ಎಲ್ಲ ಒಂದೇ ಸುಣ್ಣಕಲ್ಲಿನ ಬಳಗ. ನಾನು ತಮ್ಮನನ್ನು ಅಣ್ಣನ ಮೈಮೇಲಿಂದ ಎಬ್ಬಿಸುತ್ತಿದ್ದೆ, ಅಷ್ಟೇ.

ಹಬ್ಬದ ದಿನ ನಮ್ಮ ಕಡೆ ಬೇವು ತಿನ್ನೋದಲ್ಲ, ಕುಡಿಯೋದು: ಹುಣಸೆ, ಬೆಲ್ಲ, ಮಾವಿನಕಾಯಿ, ಬೇವಿನ ಹೂವು, ಪುಟಾಣಿ ಹಿಟ್ಟು. ಸೇಡಂನ ಅಳಿಯಂದಿರು ಎರಡನೇ ಗ್ಲಾಸ್ ಎತ್ತಿದವರೇ ಕೈಜಾರಿ ಹೊಸ ಗೋಡೆಗೇ ಕುಡಿಸಿಬಿಟ್ಟರು.

‘ಇರ‍್ಲಿ ಬಿಡ್ರಿ’ ಎಂದು ನಕ್ಕ ಅವ್ವ, ಬ್ರಷ್ ತಂದು ನನ್ನ ಕೈಗಿಟ್ಟಳು.