ಗೋದಾಮಿನ ಟಪಾಲು

ಹೈದರಾಬಾದಿನ ಬೇಗಂ ಬಜಾರಿನಲ್ಲಿ ಸ್ಟೀಲ್ ಪಾತ್ರೆಗೆ ಮೊದಲು ತೂಕ, ಆಮೇಲೆ ಅಂದಚಂದ. ಅಲ್ಲಿಯ ಒಂದು ಠೋಕ್ ಅಂಗಡಿಯಲ್ಲಿ ನನ್ನ ಸೋದರಮಾವ ಮುನೀಮರು. ಹುಮನಾಬಾದಿನಿಂದ ಬಂದು ನಲವತ್ತು ವರ್ಷವಾಯಿತು. ಸೇಠರ ಜೊತೆ ಹಿಂದಿ, ಹಮಾಲರ ಜೊತೆ ತೆಲುಗು, ಸಿಟ್ಟು ಬಂದಾಗ ಮಾತ್ರ ಕನ್ನಡ. ಅವತ್ತು ಫೋನು ಕನ್ನಡದಲ್ಲೇ ಬಂತು.

"ಏನಪಾ, ಅಂಗಡಿ ಈಮೇಲ್ ಕೂಡಿಸಿ ಹೋಗು. ಸೇಠ್ ತಲಿ ತಿನ್ನಾಕತ್ಯಾನ."

ಹೋದೆ. ತಳ್ಳುಗಾಡಿಗಳ ನಡುವೆ ಅಡ್ಡಡ್ಡ ನಡೆದು ಅಂಗಡಿ ಮುಟ್ಟಿದಾಗ, ಬಾಗಿಲಲ್ಲಿ ಹುಡುಗನೊಬ್ಬ ಕರೆಂಟಿನ ಪೆನ್ನು ಹಿಡಿದು ಯಾರದೋ ಮದುವೆಯ ಬಿಂದಿಗೆಗೆ ಹೆಸರು ಹಾಕುತ್ತಿದ್ದ. ಟರ್ರ್ ಎನ್ನುವ ಆ ಸದ್ದಿನಲ್ಲೇ ಈಮೇಲ್ ತಂತ್ರಾಂಶ ಥಂಡರ್‌ಬರ್ಡ್ ತೆರೆದೆ. ಅದು ಕೇಳಿತು: ಪಾಪ್ ಬೇಕೋ, ಐಮ್ಯಾಪ್ ಬೇಕೋ?

ಮಾಮಾಗೆ ವ್ಯಾಪಾರದ ಭಾಷೆಯಲ್ಲೇ ಹೇಳಿದೆ. ಪಾಪ್ ಅಂದರೆ ಗೋದಾಮಿನ ಮಾಲೆಲ್ಲ ಅಂಗಡಿಗೆ ಹೊತ್ತು ತಂದು ಗೋದಾಮು ಖಾಲಿ ಮಾಡಿದ ಹಾಗೆ. ಐಮ್ಯಾಪ್ ಅಂದರೆ ಮಾಲು ಗೋದಾಮಿನಲ್ಲೇ ಇರುತ್ತದೆ. ಅಂಗಡಿಯಿಂದಲೂ ನೋಡಬಹುದು, ಮೊಬೈಲಿನಿಂದಲೂ ನೋಡಬಹುದು. ಪಾಪ್ 1984ರದು, ಐಮ್ಯಾಪ್ ಅದಕ್ಕಿಂತ ಎರಡು ವರ್ಷ ಚಿಕ್ಕದು, ಸ್ಟ್ಯಾನ್‌ಫರ್ಡಿನಲ್ಲಿ ಮಾರ್ಕ್ ಕ್ರಿಸ್ಪಿನ್ ಕಟ್ಟಿದ್ದು ಎಂದೂ ಸೇರಿಸಿದೆ. ಮಾಮಾ ಆಕಳಿಸಿದರು.

"ಮಂದಿ ಗೋದಾಮಿನ್ಯಾಗ ನಮ್ಮ ಮಾಲು ಯಾಕ? ಈ ಜಾಗಾ ವ್ಯಾಪಾರಿಗಳಿಗೆ ಕೊಟ್ಟಾಕಿ ನಿಜಾಮನ ಹೆಂಡ್ತಿ ಹಮ್ದಾ ಬೇಗಂ, ವಾಪಸ್ ಕೇಳಲಿಲ್ಲ. ನಿನ್ನ ಸರ್ವರ್‌ನಾಂವ ಕೇಳಿದ್ರ?"

"ಕಂಪ್ಯೂಟರ್ ಕೆಟ್ಟರೆ, ಮಾಮಾ? 1908ರಲ್ಲಿ ಮೂಸಿ ಹೊಳೆ ಉಕ್ಕಿ ಬಂದಾಗ ಅಫ್ಜಲ್‌ಗಂಜಿನ ದವಾಖಾನೆಯೇ ಉಳಿಯಲಿಲ್ಲವಲ್ಲ."

ಕೇಳಲಿಲ್ಲ. ಪಾಪ್ ಆಯಿತು. 'ಸರ್ವರಿನಲ್ಲೂ ಒಂದು ಪ್ರತಿ ಇರಲಿ' ಎನ್ನುವ ಚೌಕದ ಟಿಕ್ಕನ್ನೂ ತೆಗೆಸಿದರು. ಎರಡು ದಿನಕ್ಕೆ ಮತ್ತೆ ಕನ್ನಡದಲ್ಲಿ ಫೋನು: ಊರಿಗೆ ಹೋದ ಸೇಠರು ಮೊಬೈಲ್ ತೆರೆದರೆ ಡಬ್ಬಿ ಖಾಲಿ, ಟಪಾಲೆಲ್ಲ ಬೇಗಂ ಬಜಾರಿನಲ್ಲಿ!

ಸರಿ, ಐಮ್ಯಾಪ್. ಒಳಗೆ ಬರುವುದಕ್ಕೆ 993, ಹೊರಗೆ ಹೋಗುವುದಕ್ಕೆ 587 ಎಂದು ಹೊಡೆದೆ. "ಇವು ಯಾವ ಗಲ್ಲಿ ಮನಿ ನಂಬರು?" ಎಂದರು ಮಾಮಾ. ಬಾಗಿಲು ನಂಬರೇ ಅಂದೆ. ಪೋರ್ಟು ಎಂದರೆ ಅಷ್ಟೇ ತಾನೆ. ನಾನು ಮಾತ್ರ ಒಂದು ಮಾತು ಹೇಳಲು ಮರೆತೆ: ಗೋದಾಮು ಒಂದೇ ಆದಮೇಲೆ ಎಲ್ಲಿಂದ ಎಸೆದರೂ ಎಸೆದಂತೆಯೇ. ಮಾಮಾ ಇರಾನಿ ಚಹಾ ಕುಡಿಯುತ್ತ ಮೊಬೈಲಿನಲ್ಲಿ "ಕಸ" ಗುಡಿಸಿದರು. ಅಂಗಡಿಯ ಕಂಪ್ಯೂಟರಿನಿಂದ ರಾಯಚೂರಿನ ಇನ್ನೂರು ಪರಾತದ ಆರ್ಡರೂ ಹೋಯಿತು. ಪುಣ್ಯಕ್ಕೆ ಕಸದ ಬುಟ್ಟಿ ಇನ್ನೂ ಖಾಲಿಯಾಗಿರಲಿಲ್ಲ, ಕೆದಕಿ ತೆಗೆದುಕೊಟ್ಟೆ. ಅಂದಿನಿಂದ ಮಾಮಾ ಬಂದ ಪ್ರತಿ ಮೇಲನ್ನೂ ಕೆಂಪು ಬಹಿಯಲ್ಲಿ ಕೈಯಾರೆ ಬರೆದಿಡುತ್ತಾರೆ. ಮೂರನೆಯ ಸರ್ವರ್, ಎನ್ನಬಹುದು.

ಮೊನ್ನೆ ಹೋದಾಗ ಗಲ್ಲೆಯ ಬಳಿ ಜಗಳ ನಡೆದಿತ್ತು. ಮರೆಯಬಾರದೆಂದು ಮಾಮಾ ಆ ಎರಡು ನಂಬರುಗಳನ್ನು ಪೆನ್ನಿನ ಹುಡುಗನಿಂದ ತಮ್ಮ ಊಟದ ಡಬ್ಬಿಯ ಮುಚ್ಚಳದ ಮೇಲೆ ಕೊರೆಸಿಕೊಂಡಿದ್ದರಂತೆ. ಗಿರಾಕಿಯೊಬ್ಬ ಅದನ್ನೇ ಮಾಲೆಂದು ಎತ್ತಿ ತಕ್ಕಡಿಗೆ ಇಟ್ಟಿದ್ದ.

"ಮುನೀಮ್‌ಜಿ, 587 ಗ್ರಾಂ ಅಂತ ಬರೆದೀರಿ, ನಾನೂರೂ ಇಲ್ಲವಲ್ಲ ಇದು!"