ಒಂದೇ ಮನೇಲಿ ಮೂವರು ಕ್ಲೋಡಿಯಾ

ಮೊಮ್ಮಗಳಿಗೆ ಹೆಸರು ಹುಡುಕ್ತಿದ್ದೀರಂತಲ್ಲ ಅಕ್ಕ. ಹಳೇ ರೋಮಿನಲ್ಲಿ ಆ ಹುಡುಕಾಟವೇ ಇರ್ಲಿಲ್ಲ ನೋಡಿ. ಕ್ಲೌಡಿಯಸ್ ಮನೆತನದಲ್ಲಿ ಹೆಣ್ಣು ಹುಟ್ಟಿದ್ರೆ ಕ್ಲೌಡಿಯಾ, ಮುಗೀತು. ಇನ್ನೊಂದು ಹುಟ್ಟಿದ್ರೂ ಕ್ಲೌಡಿಯಾನೇ. ಗುರುತಿಗೆ ಬೇಕಾದ್ರೆ ದೊಡ್ಡವಳು, ಚಿಕ್ಕವಳು ಅಂತ ಸೇರಿಸ್ಕೋತಿದ್ರು.

ಯಾಕಂದ್ರೆ ಆ ಮನೆತನದ ಹೆಸರೇ ಒಂದು ಗುಣವಾಚಕ. ನಮ್ಮ ‘ದೊಡ್ಡ’ ನೋಡಿ: ದೊಡ್ಡ ಮಾವ, ದೊಡ್ಡ ಅತ್ತೆ, ದೊಡ್ಡ ಮರ, ಎಲ್ಲೂ ಅಲ್ಲಾಡಲ್ಲ. ಒಂಟಿಯಾಗಿ ನಿಂತಾಗ ಮಾತ್ರ ದೊಡ್ಡವನು, ದೊಡ್ಡವಳು, ದೊಡ್ಡದು. ಲ್ಯಾಟಿನ್‌ನಲ್ಲಿ ಹಾಗಲ್ಲ, ಸಂಸ್ಕೃತದ ಥರ. ಪಕ್ಕದ ನಾಮಪದಕ್ಕೆ ಲಿಂಗ, ವಚನ, ವಿಭಕ್ತಿ ಮೂರೂ ಹೊಂದಲೇಬೇಕು. ಗಂಡಿಗೆ ಕ್ಲೌಡಿಯಸ್, ಹೆಣ್ಣಿಗೆ ಕ್ಲೌಡಿಯಾ, ನಪುಂಸಕಕ್ಕೆ ಕ್ಲೌಡಿಯಮ್. ನೀರಿಗೆ ಅವರ ಮಾತು ‘ಆಕ್ವ’, ಅದು ಸ್ತ್ರೀಲಿಂಗ. ಅದಕ್ಕೇ ಕ್ಲೌಡಿಯಸ್ ಚಕ್ರವರ್ತಿ ಕ್ರಿ.ಶ. 52ರಲ್ಲಿ ಕಟ್ಟಿಸಿ ಮುಗಿಸಿದ ನೀರಿನ ಕಾಲುವೆ ‘ಆಕ್ವ ಕ್ಲೌಡಿಯಾ’. ತಿಂಗಳು ಅನ್ನೋದು ಅವರಲ್ಲಿ ಪುಲ್ಲಿಂಗ, ಹಾಗಾಗಿ ಸೀಸರನ ಮನೆತನದ ಹೆಸರು ಹೊತ್ತ ತಿಂಗಳು ‘ಯೂಲಿಯಸ್’. ನಮ್ಮ ಗೋಡೆ ಮೇಲಿನ ಜುಲೈ ಅದೇ.

ಇನ್ನು ಮೂಲ. ‘ಕ್ಲೌಡಸ್’ ಅಂದ್ರೆ ಕುಂಟ. ಮನೆತನದ ಹೆಸರು ಅಲ್ಲಿಂದ ಬಂತು ಅನ್ನೋರು ಬಹಳ ಜನ. ರೋಮಿನ ಇತಿಹಾಸಕಾರ ಲಿವಿ ಹೇಳೋ ಕಥೆ ಬೇರೆ: ಕ್ರಿ.ಪೂ. 504ರ ಸುಮಾರಿಗೆ ಸಬೈನರ ನಾಡಿನ ಕ್ಲೌಸಸ್ ಅನ್ನೋನು ತನ್ನವರನ್ನೆಲ್ಲ ಕಟ್ಕೊಂಡು ರೋಮಿಗೆ ವಲಸೆ ಬಂದ, ಅಲ್ಲಿ ಅಪ್ಪಿಯಸ್ ಕ್ಲೌಡಿಯಸ್ ಆದ. ನನಗೆ ಈ ಕಥೆಯೇ ಹಿಡಿಸುತ್ತೆ. ಹೊರಗಿನಿಂದ ಬಂದವರ ಹೆಸರನ್ನ ಊರಿನ ನಾಲಿಗೆ ತನಗೆ ಒಗ್ಗಿಸ್ಕೊಳ್ಳೋದು ಎಲ್ಲ ಕಡೆ ಇದ್ದದ್ದೇ.

ಮುಂದೆ ಆ ಹೆಸರು ಇನ್ನೊಂದ್ಸಲ ಬದಲಾಯ್ತು. ಆಡುಮಾತಿನಲ್ಲಿ ‘ಔ’ ಸವೆದು ‘ಓ’ ಆಗ್ತಿತ್ತು. ಈ ವಂಶದ ಪಬ್ಲಿಯಸ್ ಅನ್ನೋನಿಗೆ ಕ್ಲೋಡಿಯಸ್ ಅನ್ನೋ ಆ ರೂಪವೇ ನಿಂತುಬಿಡ್ತು. ಶ್ರೀಮಂತ ಕುಲದವನು, ಸಾಮಾನ್ಯ ಕುಲದವರಿಗೆ ಮಾತ್ರ ಸಿಗೋ ಟ್ರಿಬ್ಯೂನ್ ಹುದ್ದೆ ಬೇಕು ಅಂತ ಕ್ರಿ.ಪೂ. 59ರಲ್ಲಿ ತನಗಿಂತ ಚಿಕ್ಕ ವಯಸ್ಸಿನ ಸಾಮಾನ್ಯನೊಬ್ಬನಿಗೆ ದತ್ತು ಹೋದ!

ಅವನಿಗೆ ಮೂವರು ಅಕ್ಕತಂಗಿಯರು, ಮೂವರೂ ಕ್ಲೋಡಿಯಾ. ಒಬ್ಬಳು ಮೆಟೆಲ್ಲಸನ ಹೆಂಡತಿ, ಒಬ್ಬಳು ಲುಕುಲ್ಲಸನ ಹೆಂಡತಿ, ಇನ್ನೊಬ್ಬಳು ಮಾರ್ಸಿಯಸ್ ರೆಕ್ಸನ ಹೆಂಡತಿ. ಓದುವಾಗ ಈಗಲೂ ಅವರನ್ನ ಬೇರೆ ಬೇರೆ ಅಂತ ಗುರುತು ಹಿಡಿಯೋದು ಗಂಡಂದಿರ ಹೆಸರಿನಿಂದಲೇ. ಅಣ್ಣತಮ್ಮಂದಿರಿಗೆ ಮನೆತನದ ಹೆಸರಿನ ಮುಂದೆ ತಮ್ಮದೇ ಒಂದು ಹೆಸರಿತ್ತು, ಇವರಿಗೆ ಅದೂ ಇಲ್ಲ. ನನಗೆ ತುಂಬಾ ಬೇಜಾರಾಗೋದು ಇದೊಂದಕ್ಕೇ ಅಕ್ಕ.